ಹಲವರ ಹಾಡು, ಒಬ್ಬನ ಮಾತು: ಪ್ರಾಚೀನ ಗ್ರೀಕ್ ರಂಗಭೂಮಿಯಲ್ಲಿ ಮೇಳನಾಯಕನ ಪಾತ್ರ

ಪ್ರಾಚೀನ ಗ್ರೀಕ್ ರಂಗಭೂಮಿ ಎಂದೊಡನೆ ಈಸ್ಕಿಲಸ್, ಸೊಫೊಕ್ಲಿಸ್, ಯೂರಿಪಿಡಿಸ್ ಮೊದಲಾದ ಕವಿಗಳ ಹೆಸರುಗಳು, ಮುಖವಾಡ ತೊಟ್ಟ ನಟರು, ಬೆಟ್ಟದ ಇಳಿಜಾರಿನ ಪ್ರೇಕ್ಷಾಂಗಣಗಳು ನೆನಪಿಗೆ ಬರುತ್ತವೆ. ನಾಟಕದ ಬಹುಭಾಗ ಕುಣಿತದ ಅಂಗಳದಲ್ಲಿಯೇ ಇರುತ್ತಿದ್ದ ಮೇಳವೂ ನೆನಪಿಗೆ ಬರುವುದುಂಟು. ಆದರೆ ಆ ಮೇಳದೊಳಗಿನ ಒಬ್ಬ ವ್ಯಕ್ತಿ ಮಾತ್ರ ಬಹುಮಟ್ಟಿಗೆ ಮರೆಯಲ್ಲಿಯೇ ಉಳಿಯುತ್ತಾನೆ. ಅವನೇ ಮೇಳನಾಯಕ. ಉಳಿದುಬಂದಿರುವ ರುದ್ರನಾಟಕಗಳಲ್ಲಿ ಅವನಿಗೆ ಸ್ವಂತ ಹೆಸರಿಲ್ಲ, ಪ್ರತ್ಯೇಕವಾದ ಕಥೆಯಿಲ್ಲ. ಮೇಳದವರ ಊರು, ವಯಸ್ಸು, ಸ್ಥಿತಿಗತಿಗಳೇ ಅವನವೂ ಆಗಿರುತ್ತವೆ. ಹಾಗಿದ್ದರೂ ಅರಸನಿಗೆ ಉತ್ತರ ಕೊಡುವವನು ಅವನು, ದೂತನನ್ನು ವಿಚಾರಿಸುವವನು ಅವನು, ಬರುತ್ತಿರುವವರು ಯಾರೆಂದು ಪ್ರೇಕ್ಷಕರಿಗೆ ತಿಳಿಸುವವನೂ ಅವನೇ. ಹಲವರು ಕೂಡಿ ಹಾಡುವ ಕಡೆ ಒಬ್ಬನೇ ಮಾತಾಡಬೇಕಾದ ಅಗತ್ಯ ಏಕೆ ಒದಗಿತು, ಆ ಒಬ್ಬನ ಮಾತು ಹಲವರ ಮಾತು ಹೇಗಾಯಿತು ಎಂಬ ಪ್ರಶ್ನೆಗಳು ಕೇವಲ ರಂಗತಂತ್ರಕ್ಕೆ ಸೇರಿದವಲ್ಲ. ಒಂದು ಸಮುದಾಯ ತನ್ನ ದುಃಖ, ಭಯ, ಕೋಪಗಳನ್ನು ಹಾಡಿ ತೀರಿಸಿಕೊಂಡ ಮೇಲೆ, ಅವುಗಳ ಬಗ್ಗೆ ಉತ್ತರ ಕೊಡುವ ಹೊಣೆಯನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಅವುಗಳ ಹಿಂದಿದೆ.

ಹೆಸರುಗಳ ಹಿನ್ನೆಲೆ

ಮೇಳನಾಯಕನನ್ನು ಗ್ರೀಕರು 'ಕೊರಿಫಾಯೊಸ್' ಎಂದು ಕರೆದರು. ಬೆಟ್ಟದ ತುದಿ, ತಲೆಯ ನೆತ್ತಿ ಎಂಬ ಅರ್ಥಗಳುಳ್ಳ 'ಕೊರಿಫೆ' ಎಂಬ ಪದದಿಂದ ಬಂದ ಹೆಸರಿದು. ಆದರೆ ಈ ಹೆಸರಿಗಿಂತ ಹಳೆಯದಾದ ಇನ್ನೊಂದು ಪದ ಅವನ ಮೂಲವನ್ನು ಹೆಚ್ಚು ಸ್ಪಷ್ಟವಾಗಿ ಸೂಚಿಸುತ್ತದೆ. ಹಾಡನ್ನು ಮೊದಲು ಎತ್ತಿಕೊಡುವವನನ್ನು 'ಎಕ್ಸಾರ್ಖೋನ್' ಎನ್ನುತ್ತಿದ್ದರು. ಕ್ರಿ.ಪೂ. 7ನೆಯ ಶತಮಾನದ ಕವಿ ಆರ್ಕಿಲೋಕಸ್, ದ್ರಾಕ್ಷಾರಸದ ಅಮಲಿನಲ್ಲಿ ಡಯನೈಸಸ್ ದೇವತೆಯ ಡಿಥಿರಾಂಬ್ ಹಾಡನ್ನು ಎತ್ತಿಕೊಡುವ ವಿದ್ಯೆ ತನಗೆ ಗೊತ್ತೆಂದು ಹೇಳಿಕೊಂಡಿದ್ದಾನೆ. ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲ್ ತನ್ನ 'ಕಾವ್ಯಮೀಮಾಂಸೆ'ಯಲ್ಲಿ ರುದ್ರನಾಟಕದ ಹುಟ್ಟನ್ನು ಇಂತಹ ಡಿಥಿರಾಂಬ್ ಎತ್ತಿಕೊಡುವವರಲ್ಲಿಯೇ ಗುರುತಿಸುತ್ತಾನೆ.

ಎತ್ತಿಕೊಡುವುದು ಮತ್ತು ಗುಂಪು ಅದಕ್ಕೆ ದನಿಗೂಡಿಸುವುದು ನಾಟಕಕ್ಕೂ ಹಿಂದಿನ ರೂಢಿ. ಹೋಮರನ 'ಇಲಿಯಡ್' ಮಹಾಕಾವ್ಯದ ಕೊನೆಯ ಭಾಗದಲ್ಲಿ ಹೆಕ್ಟರನ ಶವವನ್ನು ಟ್ರಾಯ್ ನಗರಕ್ಕೆ ತಂದಾಗ, ಶೋಕಗೀತೆಯನ್ನು ಎತ್ತಿಕೊಡುವ ಹಾಡುಗಾರರನ್ನು ಪಕ್ಕದಲ್ಲಿ ಕೂರಿಸಲಾಗುತ್ತದೆ. ಹೆಂಗಸರು ಅದಕ್ಕೆ ಗೋಳಿನಿಂದ ಓಗೊಡುತ್ತಾರೆ. ಅನಂತರ ಹೆಂಡತಿ ಆಂಡ್ರೊಮಕಿ, ತಾಯಿ ಹೆಕ್ಯುಬಾ, ನಾದಿನಿಯಾದ ಹೆಲೆನ್ ಒಬ್ಬೊಬ್ಬರಾಗಿ ಗೋಳಿನ ಮಾತನ್ನು ಎತ್ತುತ್ತಾರೆ. ಪ್ರತಿಯೊಬ್ಬರ ಮಾತು ಮುಗಿದಾಗಲೂ ನೆರೆದವರು ದನಿಗೂಡಿಸುತ್ತಾರೆ. ಮಾರ್ಗರೆಟ್ ಅಲೆಕ್ಸಿಯು ಅವರು 1974ರಲ್ಲಿ ಪ್ರಕಟಿಸಿದ ಗ್ರೀಕ್ ಶೋಕಗೀತೆಗಳ ಅಧ್ಯಯನ, ಈ ಸಂಪ್ರದಾಯದ ಎಳೆಗಳು ಪ್ರಾಚೀನ ಕಾಲದಿಂದ ಆಧುನಿಕ ಗ್ರೀಸಿನ ಹಳ್ಳಿಗಳವರೆಗೆ ಹೇಗೆ ಸಾಗಿಬಂದಿವೆ ಎಂಬುದನ್ನು ವಿವರವಾಗಿ ತೋರಿಸಿದೆ. ಶೋಕವನ್ನು ಎತ್ತಿಕೊಡುವವಳು ಗುಂಪಿಗಿಂತ ದೊಡ್ಡವಳೇನಲ್ಲ. ಸತ್ತವನಿಗೆ ಹತ್ತಿರದವಳು, ಆದ್ದರಿಂದ ಮೊದಲು ಬಾಯಿ ತೆರೆಯಬೇಕಾದವಳು.

'ಖೊರೆಗೊಸ್' ಎಂಬ ಇನ್ನೊಂದು ಪದದ ಚರಿತ್ರೆಯೂ ಇಲ್ಲಿ ಗಮನಾರ್ಹ. ಇದರ ನೇರವಾದ ಅರ್ಥ 'ಮೇಳವನ್ನು ನಡೆಸುವವನು' ಎಂದು. ಸ್ಪಾರ್ಟಾದ ಕವಿ ಅಲ್ಕ್‌ಮನ್ ಕನ್ಯೆಯರ ಮೇಳಕ್ಕಾಗಿ ರಚಿಸಿದ ಹಾಡೊಂದರ ಪಪೈರಸ್ ಪ್ರತಿ 1855ರಲ್ಲಿ ಈಜಿಪ್ಟಿನ ಸಕ್ಕಾರಾದಲ್ಲಿ ದೊರೆಯಿತು. ಆ ಹಾಡಿನಲ್ಲಿ ಮೇಳವನ್ನು ನಡೆಸುವ ಹುಡುಗಿಯನ್ನು ಇದೇ ಪದದ ಡೋರಿಯನ್ ರೂಪದಿಂದ ಕರೆಯಲಾಗಿದೆ. ಹಾಗೆಸಿಖೊರಾ ಎಂಬ ಅವಳ ಹೆಸರಿನಲ್ಲಿಯೇ ಮೇಳದ ಮುಂದಾಳು ಎಂಬ ಅರ್ಥವಿದೆ. ಅಥೆನ್ಸಿನಲ್ಲಿ ಇದೇ ಪದ ಮೇಳದ ಖರ್ಚನ್ನು ಹೊರುವ ಸಿರಿವಂತ ನಾಗರಿಕನಿಗೆ ಸಂದಿತು. ಮೇಳದವರ ಉಡುಗೆ, ತರಬೇತಿ, ಊಟೋಪಚಾರಗಳ ವೆಚ್ಚ ಅವನದು. ಗೆದ್ದರೆ ಕೀರ್ತಿಯೂ ಅವನದೇ. ಹೀಗೆ ನಾಯಕತ್ವದ ಹೆಸರು ಹಣ ಕೊಡುವವನ ಪಾಲಾಯಿತು. ಕುಣಿಯುತ್ತ ಹಾಡುತ್ತ ಮೇಳವನ್ನು ನಡೆಸುವವನು ಕೊರಿಫಾಯೊಸ್ ಎಂಬ ಬೇರೆ ಹೆಸರಿನಲ್ಲಿ ಸಾಲಿನೊಳಗೇ ಉಳಿದನು.

ನಿಲ್ಲುವ ತಾಣ

ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿದ್ದ ಡಯನೈಸಸ್ ರಂಗಮಂದಿರದಲ್ಲಿ, ವಸಂತಕಾಲದ ಮಹಾ ಡಯನೈಸಿಯಾ ಉತ್ಸವದಲ್ಲಿ ನಾಟಕ ಸ್ಪರ್ಧೆಗಳು ನಡೆಯುತ್ತಿದ್ದವು. ರುದ್ರನಾಟಕದ ಮೇಳದಲ್ಲಿ ಮೊದಲು 12 ಮಂದಿ ಇದ್ದು, ಸೊಫೊಕ್ಲಿಸ್ ಆ ಸಂಖ್ಯೆಯನ್ನು 15ಕ್ಕೆ ಏರಿಸಿದನೆಂದು ಪ್ರಾಚೀನ ಸಂಪ್ರದಾಯ ಹೇಳುತ್ತದೆ. ಹರ್ಷನಾಟಕದ ಮೇಳದಲ್ಲಿ 24 ಮಂದಿ, ಡಿಥಿರಾಂಬ್ ಮೇಳದಲ್ಲಿ 50 ಮಂದಿ ಇರುತ್ತಿದ್ದರು. ಎಲ್ಲರೂ ಗಂಡಸರು ಅಥವಾ ಹುಡುಗರು. ನಟರು ಕಾಲಕ್ರಮದಲ್ಲಿ ವೃತ್ತಿಪರರಾದರೂ ಮೇಳದವರು ಊರಿನ ನಾಗರಿಕರೇ ಆಗಿರಬೇಕಿತ್ತು. ಈ ಉತ್ಸವದ ಮೇಳಗಳಲ್ಲಿ ಪರದೇಶದವರು ಕುಣಿಯುವುದನ್ನು ಕಾನೂನು ನಿಷೇಧಿಸಿತ್ತು.

ಕ್ರಿ.ಶ. 2ನೆಯ ಶತಮಾನದ ನಿಘಂಟುಕಾರ ಪೊಲ್ಲಕ್ಸ್ ಮೇಳದ ವ್ಯೂಹವನ್ನು ವಿವರಿಸಿದ್ದಾನೆ. 15 ಮಂದಿಯ ಮೇಳವು ತಲಾ ಐವರ ಮೂರು ಸಾಲುಗಳಾಗಿ ಅಂಗಳವನ್ನು ಪ್ರವೇಶಿಸುತ್ತಿತ್ತು. ಪ್ರೇಕ್ಷಕರಿಗೆ ಹತ್ತಿರವಾಗಿರುತ್ತಿದ್ದುದು ಎಡಗಡೆಯ ಸಾಲು. ಆದ್ದರಿಂದ ನುರಿತ ಕಲಾವಿದರನ್ನು ಆ ಸಾಲಿನಲ್ಲಿಯೂ, ಅಷ್ಟಾಗಿ ಪಳಗದವರನ್ನು ಮರೆಯಾಗಿರುವ ನಡುಸಾಲಿನಲ್ಲಿಯೂ ನಿಲ್ಲಿಸುತ್ತಿದ್ದರು. ಎಡಸಾಲಿನ ಮೂರನೆಯ ಸ್ಥಾನ ಮೇಳನಾಯಕನದು. ಸಾಲಿನ ತುದಿಯಲ್ಲಲ್ಲದೆ ನಡುವಿನಲ್ಲಿ ಅವನು ನಿಲ್ಲುತ್ತಿದ್ದನೆಂಬುದು ವಿಶೇಷ. ಹಿಂದೆ ಇಬ್ಬರು, ಮುಂದೆ ಇಬ್ಬರು, ಪಕ್ಕದಲ್ಲಿ ಉಳಿದ ಸಾಲುಗಳು. ಎಲ್ಲರಿಗೂ ಅವನ ಹೆಜ್ಜೆ ಕಾಣಬೇಕು, ದನಿ ಕೇಳಬೇಕು. ಔಲೊಸ್ ಎಂಬ ಜೋಡಿಕೊಳವೆಯ ವಾದ್ಯವನ್ನು ನುಡಿಸುವವನು ಮೇಳದೊಡನೆಯೇ ಇದ್ದು ಶ್ರುತಿ ಲಯಗಳನ್ನು ಒದಗಿಸುತ್ತಿದ್ದನು. ಅರಿಸ್ಟಾಟಲನ ಹೆಸರಿನಲ್ಲಿ ಪ್ರಚಲಿತವಾದ 'ವಿಶ್ವವನ್ನು ಕುರಿತು' ಎಂಬ ಕೃತಿ ದೇವರು ಜಗತ್ತನ್ನು ನಡೆಸುವ ಬಗೆಯನ್ನು ವಿವರಿಸಲು ಮೇಳನಾಯಕನನ್ನೇ ಉಪಮಾನವಾಗಿ ತರುತ್ತದೆ: ಅವನು ಆರಂಭಿಸಿದೊಡನೆ ಇಡೀ ಮೇಳ ದನಿಗೂಡಿಸುವಂತೆ ಲೋಕವೂ ನಡೆಯುತ್ತದೆ ಎಂಬುದು ಅದರ ಆಶಯ.

ಪಠ್ಯದಲ್ಲಿ ಅವನ ಗುರುತು

ಇಷ್ಟು ಮುಖ್ಯನಾದ ವ್ಯಕ್ತಿ ಪಠ್ಯದಲ್ಲಿ ಮಾತ್ರ ನೇರವಾಗಿ ಕಾಣಿಸಿಕೊಳ್ಳುವುದಿಲ್ಲ. ಪ್ರಾಚೀನ ಪಪೈರಸ್ ಪ್ರತಿಗಳಲ್ಲಿ ಮಾತು ಬದಲಾಗುವ ಕಡೆ ಸಾಮಾನ್ಯವಾಗಿ ಒಂದು ಗೆರೆಯನ್ನೋ ಎರಡು ಚುಕ್ಕಿಗಳನ್ನೋ ಹಾಕುತ್ತಿದ್ದರು. ಮಾತಾಡುವವರ ಹೆಸರನ್ನು ಬರೆಯುವುದು ಅಪರೂಪ. ಮಧ್ಯಯುಗದ ಹಸ್ತಪ್ರತಿಗಳು 'ಮೇಳ' ಎಂದಷ್ಟೇ ಸೂಚಿಸುತ್ತವೆ. ಇಂದಿನ ಮುದ್ರಿತ ಅನುವಾದಗಳಲ್ಲಿ ಕಾಣುವ 'ಮೇಳನಾಯಕ' ಎಂಬ ಸೂಚನೆ ಛಂದಸ್ಸನ್ನು ಆಧರಿಸಿ ವಿದ್ವಾಂಸರು ಮಾಡಿದ ನಿರ್ಣಯ. ಸಂಗೀತಕ್ಕೆ ಹೊಂದುವ ಗೀತಛಂದಸ್ಸುಗಳು ಬಂದಲ್ಲಿ ಇಡೀ ಮೇಳ ಹಾಡುತ್ತಿತ್ತು. ನಟರ ಸಂಭಾಷಣೆಯ ಛಂದಸ್ಸು ಬಂದಲ್ಲಿ ನಾಯಕನೊಬ್ಬನೇ ಆಡುತ್ತಿದ್ದನು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಸೂತ್ರ. ಅಂದರೆ ಹಾಡಿನಿಂದ ಮಾತಿಗೆ ದಾಟುವ ಹೊಸ್ತಿಲೇ ಅವನ ನೆಲೆ.

ಸರ್ವನಾಮಗಳ ಬಳಕೆಯೂ ಇದನ್ನೇ ತೋರಿಸುತ್ತದೆ. ಗ್ರೀಕ್ ಮೇಳ ತನ್ನನ್ನು 'ನಾನು' ಎಂದೂ 'ನಾವು' ಎಂದೂ ಹೇಳಿಕೊಳ್ಳುತ್ತದೆ. ಪಾತ್ರಗಳೂ ಮೇಳವನ್ನು ಏಕವಚನದಲ್ಲಿಯೂ ಬಹುವಚನದಲ್ಲಿಯೂ ಕರೆಯುತ್ತವೆ. ಫಿನ್ಲೆಂಡಿನ ವಿದುಷಿ ಮಾರಿತ್ ಕೈಮಿಯೊ 1970ರಲ್ಲಿ ಈ ಬಳಕೆಯನ್ನೇ ಕುರಿತು ಒಂದು ಗ್ರಂಥ ರಚಿಸಿದರು. ಕನ್ನಡಕ್ಕೆ ತರುವಾಗ ಇಲ್ಲೊಂದು ತೊಡಕು ಎದುರಾಗುತ್ತದೆ. ಕನ್ನಡದಲ್ಲಿ 'ನೀವು' ಎಂಬುದು ಹಲವರಿಗೂ ಸಲ್ಲುತ್ತದೆ, ಗೌರವಕ್ಕೆ ಪಾತ್ರನಾದ ಒಬ್ಬನಿಗೂ ಸಲ್ಲುತ್ತದೆ. ವೃದ್ಧರ ಮೇಳವನ್ನು ಅರಸಿಯೊಬ್ಬಳು 'ನೀವು' ಎಂದರೆ ಅದು ಹನ್ನೆರಡು ಮಂದಿಗೆ ಆಡಿದ ಮಾತೋ ಮುಂದಾಳಿಗೆ ತೋರಿದ ಮರ್ಯಾದೆಯೋ ತಿಳಿಯದು. ಗ್ರೀಕಿನಲ್ಲಿ ವ್ಯಾಕರಣವೇ ನೀಡುವ ಸುಳಿವು ಕನ್ನಡದಲ್ಲಿ ಅಳಿಸಿಹೋಗುತ್ತದೆ.

ರಂಗದ ಕೆಲಸಗಳು

ಮೇಳನಾಯಕನ ನಿತ್ಯದ ಕೆಲಸಗಳು ಸರಳವಾಗಿ ಕಾಣುತ್ತವೆ. ವಿಶಾಲವಾದ ಬಯಲು ರಂಗಮಂದಿರದಲ್ಲಿ ಮುಖವಾಡ ಧರಿಸಿ ಬರುತ್ತಿರುವ ಪಾತ್ರ ಯಾವುದೆಂದು ಅವನು ಮುಂಚಿತವಾಗಿ ಹೇಳುತ್ತಾನೆ. ಇಬ್ಬರು ಪ್ರತಿವಾದಿಗಳ ದೀರ್ಘ ಭಾಷಣಗಳ ನಡುವೆ ಎರಡು ಸಾಲಿನ ಅಭಿಪ್ರಾಯ ನೀಡುತ್ತಾನೆ. ಸುಮಾರು ಕ್ರಿ.ಪೂ. 441ರ ಸೊಫೊಕ್ಲಿಸನ 'ಆಂಟಿಗೊನೆ'ಯಲ್ಲಿ ಅರಸ ಕ್ರೆಯಾನ್ ಮಾತು ಮುಗಿಸಿದಾಗ ಅದು ವಿವೇಕದ ಮಾತಾಗಿ ತೋರುತ್ತದೆ ಎನ್ನುತ್ತಾನೆ. ಮಗ ಹೀಮನ್ ವಿರೋಧವಾಗಿ ಮಾತಾಡಿದಾಗ ಇಬ್ಬರಲ್ಲಿಯೂ ಹುರುಳಿದೆ, ಒಬ್ಬರಿಂದೊಬ್ಬರು ಕಲಿಯಬಹುದು ಎನ್ನುತ್ತಾನೆ. ಇದನ್ನು ಅಳುಕು ಎಂದು ಟೀಕಿಸುವುದು ಸುಲಭ. ಆದರೆ ಅರಸನ ಎದುರಿಗೆ ನಿಂತ ಪ್ರಜೆಗಳಿಗೆ ಹೇಳಲು ಸಾಧ್ಯವಿದ್ದುದು ಎಷ್ಟು ಎಂಬುದನ್ನು ಆ ಎರಡು ಸಾಲುಗಳು ಅಳೆದು ತೋರಿಸುತ್ತವೆ.

ಅದೇ ನಾಟಕದ ಮುಂದಿನ ಭಾಗದಲ್ಲಿ ಅಳತೆ ಬದಲಾಗುತ್ತದೆ. ಕಣಿಗಾರ ಟೈರೀಸಿಯಸ್ ಕೇಡನ್ನು ನುಡಿದು ಹೊರಟುಹೋದ ಮೇಲೆ ಮೇಳನಾಯಕ ಬಾಯಿ ತೆರೆಯುತ್ತಾನೆ. ತನ್ನ ತಲೆಗೂದಲು ಕಪ್ಪಿನಿಂದ ಬಿಳಿಗೆ ತಿರುಗಿದ ಇಷ್ಟು ಕಾಲದಲ್ಲಿ ಆ ಕಣಿಗಾರನ ಮಾತು ಸುಳ್ಳಾದುದನ್ನು ತಾನು ಕಂಡಿಲ್ಲವೆಂದು ಹೇಳುತ್ತಾನೆ. ಅಲ್ಲಿಯವರೆಗೆ ಯಾರ ಮಾತನ್ನೂ ಕೇಳದಿದ್ದ ಕ್ರೆಯಾನ್ ಏನು ಮಾಡಬೇಕೆಂದು ಅವನನ್ನೇ ಕೇಳಿ, ಹೇಳಿದಂತೆ ನಡೆಯುವೆನೆಂದು ಒಪ್ಪುತ್ತಾನೆ. ಗವಿಯಲ್ಲಿ ಸೆರೆಯಾದ ಹುಡುಗಿಯನ್ನು ಬಿಡಿಸು, ಹೊರಗೆ ಬಿದ್ದಿರುವ ಶವಕ್ಕೆ ಸಂಸ್ಕಾರ ಮಾಡು ಎಂಬುದು ನಾಯಕನ ಸಲಹೆ. ಕ್ರೆಯಾನ್ ಎರಡನ್ನೂ ಮಾಡಹೊರಡುತ್ತಾನೆ. ಆದರೆ ಕ್ರಮ ತಿರುವುಮುರುವಾಗುತ್ತದೆ. ಮೊದಲು ಶವಸಂಸ್ಕಾರ ಮುಗಿಸಿ ಗವಿಗೆ ಬರುವಷ್ಟರಲ್ಲಿ ಆಂಟಿಗೊನೆ ನೇಣು ಹಾಕಿಕೊಂಡಿರುತ್ತಾಳೆ. ಹೆಸರಿಲ್ಲದ ಒಬ್ಬ ವೃದ್ಧ ಹೇಳಿದ ಕ್ರಮಕ್ಕೂ ಅರಸ ನಡೆದ ಕ್ರಮಕ್ಕೂ ನಡುವಿನ ಅಂತರವೇ ದುರಂತವಾಗಿ ಪರಿಣಮಿಸುತ್ತದೆ. ಮೇಳವನ್ನು ನಟರಲ್ಲಿ ಒಬ್ಬನೆಂದು ಭಾವಿಸಿ ಕ್ರಿಯೆಯ ಭಾಗವಾಗಿಸಬೇಕು, ಸೊಫೊಕ್ಲಿಸನ ರೀತಿ ಅದು ಎಂದು ಅರಿಸ್ಟಾಟಲ್ ಹೇಳುವ ಮಾತಿಗೆ ಇದು ಒಳ್ಳೆಯ ನಿದರ್ಶನ.

ಒಂದೇ ತ್ರಿವಳಿಯಲ್ಲಿ ಮೂರು ಬಗೆ

ಮೇಳನಾಯಕನ ಪಾತ್ರದ ಪೂರ್ಣ ವ್ಯಾಪ್ತಿಯನ್ನು ಕಾಣಲು ಈಸ್ಕಿಲಸ್ ಕ್ರಿ.ಪೂ. 458ರಲ್ಲಿ ಆಡಿಸಿದ 'ಒರೆಸ್ಟಿಯಾ' ಎಂಬ ನಾಟಕ ತ್ರಿವಳಿಯನ್ನು ಗಮನಿಸಬೇಕು.

ಮೊದಲನೆಯದಾದ 'ಆಗಮೆಮ್ನನ್' ನಾಟಕದಲ್ಲಿ ಮೇಳದವರು ಆರ್ಗಾಸಿನ ವೃದ್ಧರು. ವಯಸ್ಸಾಯಿತೆಂದು ಟ್ರಾಯ್ ಯುದ್ಧಕ್ಕೆ ಹೋಗದೆ ಉಳಿದವರು. ಅರಮನೆಯ ಒಳಗಿನಿಂದ ಅರಸನ ಸಾವಿನ ಕೂಗು ಎರಡು ಸಲ ಕೇಳಿಸುತ್ತದೆ. ಕೊಲೆ ನಡೆದುಹೋಗಿದೆ, ಏನು ಮಾಡುವುದೆಂದು ಯೋಚಿಸೋಣ ಎಂಬ ಮಾತು ಹೊರಡುತ್ತದೆ. ಅಷ್ಟರಲ್ಲಿ ಮೇಳ ಒಡೆಯುತ್ತದೆ. ಅಲ್ಲಿಂದ ಮುಂದೆ ತಲಾ ಎರಡು ಸಾಲಿನ ಹನ್ನೆರಡು ಮಾತುಗಳಿವೆ. ಊರವರನ್ನು ಕೂಗಿ ಕರೆಯಬೇಕೆಂದು ಒಬ್ಬ, ಈಗಲೇ ಒಳಗೆ ನುಗ್ಗಬೇಕೆಂದು ಇನ್ನೊಬ್ಬ, ಮಾತಿನಿಂದ ಸತ್ತವನನ್ನು ಎಬ್ಬಿಸಲಾಗದೆಂದು ಮತ್ತೊಬ್ಬ, ದಬ್ಬಾಳಿಕೆಗಿಂತ ಸಾವು ಲೇಸೆಂದು ಮಗದೊಬ್ಬ ಹೇಳುತ್ತಾರೆ. ಕೊನೆಗೆ ಅರಸನ ಸ್ಥಿತಿಯನ್ನು ಖಚಿತವಾಗಿ ತಿಳಿಯೋಣ ಎಂಬಲ್ಲಿಗೆ ಅಭಿಪ್ರಾಯ ಕೂಡಿಬರುವಾಗ ಕಾಲ ಮೀರಿರುತ್ತದೆ. ರಾಣಿ ಕ್ಲೈಟೆಮ್ನೆಸ್ಟ್ರಾ ಹೆಣಗಳ ಬಳಿ ನಿಂತು ಕಾಣಿಸಿಕೊಳ್ಳುತ್ತಾಳೆ. ಈಸ್ಕಿಲಸನ ಮೇಳದಲ್ಲಿ ಹನ್ನೆರಡು ಮಂದಿಯಿದ್ದರೆನ್ನಲು ವಿದ್ವಾಂಸರು ಈ ಭಾಗವನ್ನು ಆಧಾರವಾಗಿ ಬಳಸಿದ್ದಾರೆ. ಅದಕ್ಕಿಂತ ಮುಖ್ಯವಾದುದು ಇದರ ನಾಟಕೀಯ ಅರ್ಥ. ಒಂದೇ ದನಿಯಾಗಿದ್ದ ಮೇಳ ಹನ್ನೆರಡು ದನಿಯಾದಾಗ, ಊರು ತನ್ನ ಅರಸನನ್ನು ಉಳಿಸಿಕೊಳ್ಳಲಾರದೆ ಹೋಗುತ್ತದೆ.

ಎರಡನೆಯ ನಾಟಕ 'ತರ್ಪಣ ಹೊತ್ತವರು'. ಇಲ್ಲಿ ಮೇಳದವರು ಅರಮನೆಯ ದಾಸಿಯರು, ಅಧಿಕಾರವಿಲ್ಲದವರು. ರಾಣಿಯ ಪ್ರಿಯಕರ ಈಜಿಸ್ಥಸ್ ಅಂಗರಕ್ಷಕರೊಡನೆ ಬರಬೇಕೆಂಬ ಸಂದೇಶವನ್ನು ಮುದಿ ದಾದಿಯೊಬ್ಬಳು ಒಯ್ಯುತ್ತಿರುತ್ತಾಳೆ. ಅವಳನ್ನು ತಡೆದ ಮೇಳನಾಯಕಿ, ಒಬ್ಬನೇ ಬರಬೇಕೆಂದು ಹೇಳು ಎಂದು ಸಂದೇಶವನ್ನೇ ತಿದ್ದಿಸುತ್ತಾಳೆ. ತಂದೆಯ ಕೊಲೆಗೆ ಸೇಡು ತೀರಿಸಲು ಬಂದಿರುವ ಒರೆಸ್ಟಿಸನಿಗೆ ದಾರಿ ತೆರೆಯುವುದು ಈ ಸಣ್ಣ ತಿದ್ದುಪಡಿ. ವೃದ್ಧ ನಾಗರಿಕರ ಮೇಳದಿಂದ ಆಗದ ಕೆಲಸ ದಾಸಿಯರ ಮೇಳದ ಒಬ್ಬಳ ಮಾತಿನಿಂದ ಆಗುತ್ತದೆ.

ಮೂರನೆಯದಾದ 'ಯೂಮೆನಿಡಿಸ್' ನಾಟಕದಲ್ಲಿ ಮೇಳವೇ ಪ್ರತಿಪಕ್ಷ. ತಾಯಿಯನ್ನು ಕೊಂದ ಒರೆಸ್ಟಿಸನನ್ನು ಬೆನ್ನಟ್ಟಿದ ಸೇಡಿನ ದೇವತೆಗಳು ಅವರು. ನಿದ್ರಿಸುತ್ತಿದ್ದ ಅವರಲ್ಲಿ ಮೊದಲು ಎಚ್ಚರಗೊಂಡ ನಾಯಕಿ ಪಕ್ಕದವಳನ್ನು ಎಬ್ಬಿಸುತ್ತಾಳೆ. ತಾನು ಎಬ್ಬಿಸಿದಂತೆ ಅವಳೂ ಇನ್ನೊಬ್ಬಳನ್ನು ಎಬ್ಬಿಸಲಿ ಎನ್ನುತ್ತಾಳೆ. ಅಥೆನ್ಸಿನ ನ್ಯಾಯಸ್ಥಾನದಲ್ಲಿ ವಾದಿಯಾಗಿ ನಿಲ್ಲುವವಳೂ ಅವಳೇ. ತಾವು ಹಲವರಿದ್ದರೂ ಮಾತನ್ನು ಚಿಕ್ಕದಾಗಿ ಮುಗಿಸುವೆವೆಂದು ಹೇಳಿ ಆರೋಪಿಯನ್ನು ಒಂದೊಂದೇ ಪ್ರಶ್ನೆಯಿಂದ ವಿಚಾರಿಸುತ್ತಾಳೆ. ತೀರ್ಪು ಒರೆಸ್ಟಿಸನ ಪರವಾದಾಗ ಮೇಳ ಕೋಪದಿಂದ ಹಾಡತೊಡಗುತ್ತದೆ. ಅಥೀನಾ ದೇವಿ ಸಮಾಧಾನದ ಮಾತಾಡಿದರೂ ಅದೇ ಪದ್ಯವನ್ನು ಅಕ್ಷರವೂ ಬದಲಾಗದಂತೆ ಮತ್ತೆ ಹಾಡುತ್ತದೆ. ಮುಂದೆ ಇನ್ನೊಂದು ಪದ್ಯವನ್ನೂ ಹಾಗೆಯೇ ಎರಡು ಸಲ ಹಾಡುತ್ತದೆ. ಹಾಡಿಗೆ ಕಿವಿಯಿಲ್ಲ. ಆಮೇಲೆ ಛಂದಸ್ಸು ಬದಲಾಗುತ್ತದೆ. ತಮಗೆ ಕೊಡುವ ನೆಲೆ ಎಂತಹುದು ಎಂದು ನಾಯಕಿ ಮಾತಿನಲ್ಲಿ ಕೇಳುತ್ತಾಳೆ. ಆ ಒಂದು ಪ್ರಶ್ನೆಯಿಂದ ಸಂವಾದ ಆರಂಭವಾಗಿ ಶಾಪ ಹಾಕುತ್ತಿದ್ದ ದೇವತೆಗಳು ಊರನ್ನು ಹರಸುವ ದೇವತೆಗಳಾಗುತ್ತಾರೆ. ಅಥೀನಾಳ ಜಾಣ್ಮೆಯಷ್ಟೇ ಇಲ್ಲಿ ಸಾಲದು. ಹಲವರ ಸಿಟ್ಟನ್ನು ಕೇಳಬಹುದಾದ, ಉತ್ತರಿಸಬಹುದಾದ ಮಾತಾಗಿ ಮಾರ್ಪಡಿಸುವ ಒಬ್ಬಳು ಮೇಳದೊಳಗೆ ಬೇಕಿತ್ತು.

ಹರ್ಷನಾಟಕದಲ್ಲಿ

ಹರ್ಷನಾಟಕದಲ್ಲಿ ಮೇಳನಾಯಕನ ಸ್ವಾತಂತ್ರ್ಯ ಹೆಚ್ಚು. ಅರಿಸ್ಟೊಫನೀಸನ ನಾಟಕಗಳಲ್ಲಿ ವಾದಸ್ಪರ್ಧೆ ಆರಂಭವಾಗುವಾಗ ನಾಯಕ ಎರಡು ದೀರ್ಘ ಸಾಲುಗಳಿಂದ ಸ್ಪರ್ಧಿಯನ್ನು ಹುರಿದುಂಬಿಸಿ ಮಾತಿಗೆ ಇಳಿಸುತ್ತಾನೆ. ನಾಟಕದ ಮಧ್ಯದಲ್ಲಿ ನಟರು ನಿರ್ಗಮಿಸಿದ ಮೇಲೆ ಮೇಳ ನೇರವಾಗಿ ಪ್ರೇಕ್ಷಕರತ್ತ ತಿರುಗುವ 'ಪರಾಬಸಿಸ್' ಎಂಬ ಭಾಗದಲ್ಲಿ ಕವಿಯ ಪರವಾಗಿ ಸಭೆಯೊಡನೆ ಮಾತಾಡುವವನೂ ಅವನೇ. ಕ್ರಿ.ಪೂ. 425ರ 'ಅಖಾರ್ನಿಯನ್ಸ್' ನಾಟಕದಲ್ಲಿ, ಊರವರನ್ನು ಹೊಗಳಿ ಮೋಸಗೊಳಿಸುವವರಿಂದ ಅವರನ್ನು ಎಚ್ಚರಿಸಿದವನು ಈ ಕವಿ ಎಂಬ ವಾದವನ್ನು ಹೀಗೆ ಸಭೆಯ ಮುಂದಿಡಲಾಗಿದೆ. ಮೇಳದವರು ಯಾವ ವೇಷದಲ್ಲಿದ್ದರೂ ಆ ಹೊತ್ತಿಗೆ ನಾಯಕ ಊರಿನ ಒಬ್ಬ ಪ್ರಜೆಯಾಗಿ ಊರಿಗೇ ಬುದ್ಧಿ ಹೇಳಬಲ್ಲವನಾಗಿದ್ದನು.

ನಾಗರಿಕ ಜೀವನದ ರೂಪಕ

ಮೇಳನಾಯಕನ ಮಹತ್ವ ರಂಗದಾಚೆಗೂ ಹಬ್ಬಿತ್ತು. ಕ್ರಿ.ಪೂ. 348ರ ಸುಮಾರಿನ ಡಯನೈಸಿಯಾ ಉತ್ಸವದಲ್ಲಿ ತನ್ನ ಪಂಗಡದ ಡಿಥಿರಾಂಬ್ ಮೇಳದ ವೆಚ್ಚ ಹೊತ್ತಿದ್ದ ವಾಗ್ಮಿ ಡೆಮಾಸ್ತನೀಸ್‌ನಿಗೆ ರಂಗಮಂದಿರದಲ್ಲಿಯೇ ಮೀಡಿಯಸ್ ಎಂಬ ಎದುರಾಳಿ ಹೊಡೆದನು. ಅದನ್ನು ಕುರಿತ ಆಪಾದನಾ ಭಾಷಣದಲ್ಲಿ ಡೆಮಾಸ್ತನೀಸ್ ಅರಿಸ್ಟೈಡಿಸ್ ಎಂಬ ಹಳೆಯ ಮೇಳನಾಯಕನ ಪ್ರಸಂಗವನ್ನು ಹೇಳುತ್ತಾನೆ. ಅವನು ಸೇನಾಸೇವೆ ತಪ್ಪಿಸಿದ ಅಪರಾಧಕ್ಕೆ ಶಿಕ್ಷೆಗೊಳಗಾಗಿದ್ದವನು. ಕಾನೂನಿನ ಬಲದಿಂದ ಅವನನ್ನು ಮೇಳದಿಂದ ಹೊರಗೆಳೆಯಲು ಪ್ರತಿಸ್ಪರ್ಧಿಗಳಿಗೆ ಅವಕಾಶವಿತ್ತು. ನಾಯಕನನ್ನು ತೆಗೆದರೆ ಉಳಿದ ಮೇಳ ಕೆಟ್ಟುಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಗೆಲುವಿನ ಆಸೆಯಿಂದ ಯಾರೂ ಆ ಕೆಲಸ ಮಾಡಲಿಲ್ಲ ಎಂಬುದು ಅವನ ವಾದ. ಉತ್ಸವದ ಪಾವಿತ್ರ್ಯವನ್ನು ಅಳೆಯಲು ಡೆಮಾಸ್ತನೀಸ್ ಆರಿಸಿಕೊಂಡ ಅಳತೆಗೋಲು ಮೇಳನಾಯಕನೆಂಬುದು ಗಮನಾರ್ಹ. ಅರಿಸ್ಟಾಟಲ್ ತನ್ನ 'ರಾಜನೀತಿ' ಗ್ರಂಥದಲ್ಲಿ ಎಲ್ಲ ನಾಗರಿಕರ ಗುಣವೂ ಒಂದೇ ಆಗಿರಲಾರದೆಂದು ಹೇಳುವಾಗ, ಮೇಳನಾಯಕನ ಗುಣವೂ ಅವನ ಪಕ್ಕದಲ್ಲಿ ನಿಲ್ಲುವವನ ಗುಣವೂ ಒಂದೇ ಅಲ್ಲವಷ್ಟೆ ಎಂಬ ಹೋಲಿಕೆಯನ್ನು ನೀಡುತ್ತಾನೆ. ರಾಜ್ಯವನ್ನು ವಿವರಿಸಲು ಮೇಳವೇ ಸಹಜವಾದ ಉದಾಹರಣೆಯಾಗಿತ್ತು.

ದನಿ ಕುಗ್ಗಿದ ಬಗೆ

ಕ್ರಿ.ಪೂ. 4ನೆಯ ಶತಮಾನದ ವೇಳೆಗೆ ನಟನ ಪ್ರಾಮುಖ್ಯ ಬೆಳೆದು ಮೇಳದ ಪಾಲು ಕುಗ್ಗಿತು. ಯಾವ ನಾಟಕಕ್ಕೂ ಹೊಂದಿಸಬಹುದಾದ ನಡುಹಾಡುಗಳನ್ನು ಬಳಸುವ ರೂಢಿ ಅಗಥಾನ್ ಕವಿಯಿಂದ ಆರಂಭವಾಯಿತೆಂದು ಅರಿಸ್ಟಾಟಲ್ ಹೇಳುತ್ತಾನೆ. 1958ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಮಿನ್ಯಾಂಡರನ 'ಡಿಸ್ಕೊಲೊಸ್' ನಾಟಕದ ಪಪೈರಸ್ ಪ್ರತಿಯಲ್ಲಿ ಅಂಕಗಳ ನಡುವೆ 'ಮೇಳದ ಹಾಡು' ಎಂಬ ಅರ್ಥದ ಒಂದು ಸೂಚನೆ ಮಾತ್ರ ಇದೆ, ಹಾಡಿನ ಪಠ್ಯವಿಲ್ಲ. ಮೇಳ ಬರುತ್ತದೆ, ಕುಣಿಯುತ್ತದೆ, ಹೋಗುತ್ತದೆ. ಕಥೆಯ ಪಾತ್ರಗಳೊಡನೆ ಮಾತಾಡುವ ನಾಯಕ ಅದರಲ್ಲಿಲ್ಲ. ಮೇಳ ಉಳಿದರೂ ಅದರ ಉತ್ತರ ಕೊಡುವ ಬಾಯಿ ಮುಚ್ಚಿತು.

ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ 'ಏಜಾಕ್ಸ್' ನಾಟಕವನ್ನು ಆಧರಿಸಿ 1929ರಲ್ಲಿ 'ಅಶ್ವತ್ಥಾಮನ್' ನಾಟಕವನ್ನೂ, 1935ರಲ್ಲಿ ಈಸ್ಕಿಲಸನ ನಾಟಕದ ಅನುವಾದವಾದ 'ಪಾರಸಿಕರು' ಕೃತಿಯನ್ನೂ ನೀಡಿದ ಮೇಲೆ ಗ್ರೀಕ್ ಮೇಳ ಕನ್ನಡ ಓದುಗರಿಗೆ ಪರಿಚಿತವಾಯಿತು. ಅಂದಿನಿಂದ ಮೇಳನಾಯಕನನ್ನು ಯಕ್ಷಗಾನದ ಭಾಗವತನೊಡನೆ ಹೋಲಿಸುವುದು ಸಹಜವೆನಿಸುತ್ತದೆ. ಆದರೆ ಹೋಲಿಕೆ ಹೆಚ್ಚು ದೂರ ಸಾಗದು. ಭಾಗವತ ವೇಷ ತೊಡದೆ ಕಥೆಯ ಹೊರಗೆ ನಿಂತು ಇಡೀ ಪ್ರಸಂಗವನ್ನು ಹಾಡಿ ನಡೆಸುವ ಸೂತ್ರಧಾರ. ವೇಷಗಳ ಮನಸ್ಸೂ ಅವನ ಪದ್ಯದಲ್ಲಿದೆ. ಗ್ರೀಕ್ ಮೇಳನಾಯಕ ಮುಖವಾಡ ತೊಟ್ಟು ಕಥೆಯ ಒಳಗೇ ಇರುವವನು. ಮುಂದೇನಾಗುವುದೆಂದು ಅವನಿಗೆ ತಿಳಿಯದು. ಊರಿಗೆ ಬಂದ ಕೇಡು ಅವನಿಗೂ ಬರುತ್ತದೆ. ಅವನ ಮಾತಿಗೆ ಬೆಲೆ ಬಂದುದು ಈ ಪಾಲುಗಾರಿಕೆಯಿಂದಲೇ. ಸಾಲಿನ ನಡುವೆ ನಿಂತವನಾದುದರಿಂದ ಅವನು ಸಾಲಿನ ಪರವಾಗಿ ಮಾತಾಡಬಲ್ಲವನಾಗಿದ್ದನು. ಮಾತು ಮುಗಿದೊಡನೆ ಅವನು ಮತ್ತೆ ಹದಿನೈದರಲ್ಲಿ ಒಬ್ಬನಾಗಿ ಹಾಡಿಗೆ ದನಿಗೂಡಿಸುತ್ತಿದ್ದನು.